ಅಪೊಸ್ಟಿಲ್ ಮಾಡಿಸಿದ್ರೆ ಎಲ್ಲಾ ದೇಶಕ್ಕೂ ನಡೀತದೆ ಅಂದ್ಕೊಂಡಿದ್ದೀರಾ? ಏಜೆಂಟ್ ಕೈಗೆ ದುಡ್ಡು ಕೊಡೋ ಮೊದಲು ಇದನ್ನು ಓದಿ

ಕುಂದಾಪುರ: ನಮ್ಮ ಮನೆಯಲ್ಲೇ ಆದ ಕಥೆಯಿಂದ ಶುರು ಮಾಡ್ತೇನೆ. ಭಾವ ಕತಾರ್‌ನ ದೋಹಾದಲ್ಲಿ ಕೆಲಸಕ್ಕಿದ್ದಾರೆ. ಅಕ್ಕನನ್ನೂ ಒಂದೂವರೆ ವರ್ಷದ ಮಗುವನ್ನೂ ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಳ್ಳಬೇಕು. ಅದಕ್ಕೆ ಮದುವೆ ನೋಂದಣಿ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರ ಎರಡೂ "ಅಟೆಸ್ಟ್ ಆಗಿ" ಬರಬೇಕು ಅಂದರು. ನಮಗೆ ಅಷ್ಟೇ ಗೊತ್ತಿದ್ದದ್ದು. ಪರಿಚಯದವರು ತೋರಿಸಿದ ಏಜೆಂಟ್ ಒಬ್ಬರ ಕೈಗೆ ಎರಡು ಕಾಗದ, 14 ಸಾವಿರ ರೂಪಾಯಿ ಕೊಟ್ಟೆವು. ಮೂರು ವಾರ ಬಿಟ್ಟು ಕಾಗದ ವಾಪಸ್ ಬಂತು. ಹಿಂಬದಿಯಲ್ಲಿ ಚೌಕಾಕಾರದ ಚಂದದ ಸ್ಟಿಕ್ಕರ್, ಅದರ ಮೇಲೆ ನಂಬರ್, ಸೀಲು. ಕೆಲಸ ಆಯ್ತು ಅಂತ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿಯೂ ಆಯ್ತು.

ಕಾಗದ ದೋಹಾಕ್ಕೆ ಹೋಯಿತು. ಕೌಂಟರಿನವರು ಹಿಂದೆ ಮುಂದೆ ತಿರುಗಿಸಿ ನೋಡಿ ಭಾವನ ಕೈಗೇ ವಾಪಸ್ ಕೊಟ್ಟರಂತೆ. ಅದು ಅಪೊಸ್ಟಿಲ್. ಕತಾರ್‌ಗೆ ಅಪೊಸ್ಟಿಲ್ ನಡೆಯೋದಿಲ್ಲ. ಅಲ್ಲಿಗೆ ಬೇಕಾದದ್ದು ಬೇರೆಯೇ ದಾರಿಯ ಮುದ್ರೆ. ಏಜೆಂಟ್‌ಗೆ ಫೋನ್ ಮಾಡಿದರೆ, "ನೀವು ಯಾವ ದೇಶ ಅಂತ ಸರಿಯಾಗಿ ಹೇಳಲಿಲ್ಲ" ಅಂದ. ನಾವು ಹೇಳಿದ್ದೆವು. ಹೋಗಲಿ ಬಿಡಿ.

ಆಮೇಲೆ ನಾನು ಇದರ ಹಿಂದೆ ಬಿದ್ದೆ. ನಮ್ಮ ಬೈಂದೂರು, ಕುಂದಾಪುರ, ಉಡುಪಿ ಕಡೆ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ ಅಂದರೂ ತಪ್ಪಾಗಲಿಕ್ಕಿಲ್ಲ. ಆದರೆ ಈ ವಿಷಯ ಮಾತ್ರ ಎಲ್ಲರಿಗೂ ಅರ್ಧಂಬರ್ಧ ಗೊತ್ತು. ನನಗೂ ಹಾಗೇ ಇತ್ತು. ಹಾಗಾಗಿ ಮೊದಲಿಂದ ಹೇಳ್ತೇನೆ.

ಇಷ್ಟೊಂದು ಮುದ್ರೆ ಯಾಕೆ ಬೇಕು?

ಕುಂದಾಪುರದ ಸಬ್ ರಿಜಿಸ್ಟ್ರಾರ್ ಮದುವೆ ಪತ್ರಕ್ಕೆ ಸಹಿ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ದೋಹಾದ ಅಧಿಕಾರಿಗೆ ಈ ಸಹಿ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿರುವುದು ದೆಹಲಿಯಲ್ಲಿರುವ ತಮ್ಮದೇ ರಾಯಭಾರ ಕಚೇರಿಯ ಮುದ್ರೆ. ಆ ರಾಯಭಾರ ಕಚೇರಿಗೆ ಗೊತ್ತಿರುವುದು ನಮ್ಮ ವಿದೇಶಾಂಗ ಸಚಿವಾಲಯದ ಅಧಿಕಾರಿಗಳ ಸಹಿ. ಸಚಿವಾಲಯಕ್ಕೆ ಗೊತ್ತಿರುವುದು ಕರ್ನಾಟಕ ಸರ್ಕಾರ ಇದಕ್ಕಂತಲೇ ನೇಮಿಸಿದ ಅಧಿಕಾರಿಯ ಸಹಿ. ರಾಜ್ಯದ ಆ ಅಧಿಕಾರಿಗೆ ಕುಂದಾಪುರದ ಸಹಿ ಗೊತ್ತು, ಗೊತ್ತಿಲ್ಲದಿದ್ದರೆ ಬರೆದು ಕೇಳಿ ತಿಳ್ಕೊಳ್ತಾರೆ. ಹೀಗೆ ಒಬ್ಬರ ಸಹಿಗೆ ಇನ್ನೊಬ್ಬರು ಸಾಕ್ಷಿ. ಕೊಂಡಿ ಒಂದು ತಪ್ಪಿದರೂ ಮುಂದಿನವರು ಮುಟ್ಟೋದಿಲ್ಲ. "ನೇರ ದೆಹಲಿಯಲ್ಲಿ ಮಾಡಿಸ್ತೇನೆ, ಬೆಂಗಳೂರು ಬೇಡ" ಅಂತ ಯಾರಾದರೂ ಹೇಳಿದರೆ ಅನುಮಾನ ಪಡಬೇಕಾದದ್ದು ಇದಕ್ಕೇ.

ಇಷ್ಟು ಉದ್ದದ ಸಾಲು ಜಗತ್ತಿಗೆಲ್ಲ ತಲೆನೋವೇ ಆಗಿತ್ತು. ಅದಕ್ಕೆ 1961ರ ಅಕ್ಟೋಬರ್ 5ರಂದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಒಪ್ಪಂದಕ್ಕೆ ಸೇರಿದ ದೇಶಗಳ ಮಧ್ಯೆ ಕೊನೆಯ ರಾಯಭಾರ ಕಚೇರಿಯ ಹಂತ ಬೇಡ, ಕಾಗದ ಕೊಟ್ಟ ದೇಶವೇ ಒಂದು ನಿಗದಿತ ನಮೂನೆಯ ಪತ್ರ ಅಂಟಿಸಿದರೆ ಸಾಕು ಅಂತ. ಆ ಪತ್ರವೇ ಅಪೊಸ್ಟಿಲ್. ಫ್ರೆಂಚ್ ಪದ ಅದು. ಯಾವ ದೇಶದ್ದಾದರೂ ಅದರಲ್ಲಿ 1ರಿಂದ 10ರವರೆಗೆ ಅದೇ ಹತ್ತು ಸಾಲು ಇರ್ತದೆ: ಯಾವ ದೇಶದ ಕಾಗದ, ಯಾರು ಸಹಿ ಹಾಕಿದ್ದು, ಯಾವ ಹುದ್ದೆಯಲ್ಲಿ, ಯಾರ ಮೊಹರು, ಎಲ್ಲಿ, ಯಾವತ್ತು, ಯಾರು ದೃಢೀಕರಿಸಿದ್ದು, ನಂಬರ್ ಎಷ್ಟು, ಸೀಲು, ಸಹಿ. ಭಾರತದ ಮಟ್ಟಿಗೆ ಇದು ಜಾರಿಗೆ ಬಂದದ್ದು 2005ರ ಜುಲೈ 14ರಂದು.

ಗಲ್ಫ್ ಅಂದ್ರೆ ಒಂದೇ ಅಲ್ಲ ಮಾರಾಯ್ರೆ

ನಮ್ಮವರು ಎಡವುವುದು ಇಲ್ಲೇ. ಕೊಲ್ಲಿಯ ಆರು ದೇಶಗಳಲ್ಲಿ ಮೂರು ಆ ಕಡೆ, ಮೂರು ಈ ಕಡೆ. ಒಮಾನ್‌ನಲ್ಲಿ 2012ರಿಂದ, ಬಹ್ರೇನ್‌ನಲ್ಲಿ 2013ರ ಕೊನೆಯಿಂದ, ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಒಪ್ಪಂದ ಜಾರಿಯಲ್ಲಿದೆ. ಯುಎಇ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಎಲ್ಲವೂ, ಮತ್ತೆ ಕತಾರ್, ಕುವೈತ್ ಒಪ್ಪಂದದಲ್ಲಿಲ್ಲ. ಈ ಮೂರು ದೇಶಗಳಿಗೆ ಹಳೆಯ ಉದ್ದದ ದಾರಿಯೇ: ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯದ ಸಾದಾ ಅಟೆಸ್ಟೇಶನ್, ಆಮೇಲೆ ಆ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್. ಕಾಗದ ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಇನ್ನೊಂದು ಮುದ್ರೆ. ಆ ಕೊನೆಯದ್ದು ಸಾಮಾನ್ಯವಾಗಿ ಅಲ್ಲಿರುವವರೇ ಮಾಡಿಸ್ಕೊಳ್ಳಬೇಕು.

ಸೌದಿ ವಿಷಯದಲ್ಲಿ ಉಲ್ಟಾ ಮೋಸ. ಅಲ್ಲಿ ಹಳೆಯ ಪದ್ಧತಿ ಹೋಗಿ ಕಾಲ ಆಯಿತು. ಈಗಲೂ ಬಿಲ್ಲಿನಲ್ಲಿ "ಸೌದಿ ಎಂಬೆಸಿ ಚಾರ್ಜ್" ಅಂತ ಯಾರಾದರೂ ಸೇರಿಸಿದರೆ ಯಾವುದಕ್ಕೆ ಅಂತ ಕೇಳಿ. ಕಂಪನಿಯವರು ಬೇಕು ಅಂದಿದ್ದರೆ ಸರಿ, ಅದನ್ನು ಲಿಖಿತವಾಗಿ ತೋರಿಸಲಿ.

ಇಸ್ರೇಲ್‌ಗೆ ಕೇರ್‌ಗಿವರ್ ಕೆಲಸಕ್ಕೆ ಹೋಗುವವರು ನಮ್ಮ ಕರಾವಳಿಯಲ್ಲಿ ಬಹಳ ಜನ. ಅಲ್ಲಿಗೆ ಅಪೊಸ್ಟಿಲ್. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ಇಟಲಿ ಇವೂ ಅಪೊಸ್ಟಿಲ್ ದೇಶಗಳೇ. ಸಿಂಗಾಪುರ 2021ರಲ್ಲಿ, ಕೆನಡಾ 2024ರ ಜನವರಿ 11ರಿಂದ ಸೇರಿಕೊಂಡವು.

ಜರ್ಮನಿ ಮಾತ್ರ ವಿಚಿತ್ರ. ಅದು ಒಪ್ಪಂದದಲ್ಲಿರುವ ದೇಶವೇ, ಭಾರತವೂ ಇದೆ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ನಮ್ಮಿಬ್ಬರ ಮಧ್ಯೆ ಒಪ್ಪಂದ ಅನ್ವಯ ಆಗೋದಿಲ್ಲ. ನರ್ಸಿಂಗ್ ಮುಗಿಸಿ ಜರ್ಮನ್ ಭಾಷೆ ಕಲಿತು ಅಲ್ಲಿಗೆ ಹೊರಟಿರುವ ಹುಡುಗಿಯರು ಈಗ ತುಂಬ ಇದ್ದಾರೆ. ನೀವು ಯಾರೋ ಹೇಳಿದರು ಅಂತ ಅಪೊಸ್ಟಿಲ್‌ಗೆ ದುಡ್ಡು ಹಾಕಬೇಡಿ. ಯಾವ ಕಾಗದ, ಯಾವ ರೂಪದಲ್ಲಿ ಬೇಕು ಅನ್ನುವುದನ್ನು ಅಲ್ಲಿ ನಿಮ್ಮ ಅರ್ಜಿ ನೋಡುವ ಕಚೇರಿಯಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಓದಲಿಕ್ಕೆ ಹೋಗುವವರಿಗೂ ಒಂದು ಮಾತು. ಕೇಳದಿದ್ದರೆ ಮಾಡಿಸಲೇಬೇಡಿ. ಕೆನಡಾಕ್ಕೆ ಹೊರಟವರು ಡಬ್ಲ್ಯುಇಎಸ್ ಮೌಲ್ಯಮಾಪನಕ್ಕೆ ಕೊಡುವುದು ವಿಶ್ವವಿದ್ಯಾಲಯದಿಂದಲೇ ನೇರ ಹೋಗುವ ಟ್ರಾನ್ಸ್‌ಕ್ರಿಪ್ಟ್. ಅದಕ್ಕೂ ಅಪೊಸ್ಟಿಲ್‌ಗೂ ಸಂಬಂಧವೇ ಇಲ್ಲ. "ಇರಲಿ, ಮುಂದೆ ಬೇಕಾಗ್ತದೆ" ಅಂತ ಹತ್ತನೇ ತರಗತಿಯಿಂದ ಡಿಗ್ರಿವರೆಗೆ ಎಲ್ಲಾ ಅಂಕಪಟ್ಟಿಗೂ ಸ್ಟಿಕ್ಕರ್ ಅಂಟಿಸಿಕೊಂಡವರನ್ನು ನಾನು ನೋಡಿದ್ದೇನೆ. (ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಆ ಖರ್ಚು ಹೇಗೂ ಕಮ್ಮಿ, ಪಿಯುಸಿಗೇ ಮುಗೀತು.)

ಬೆಂಗಳೂರಿನಲ್ಲಿ ಏನಾಗ್ತದೆ

ಅಪೊಸ್ಟಿಲ್ ಇರಲಿ, ರಾಯಭಾರ ಕಚೇರಿ ದಾರಿ ಇರಲಿ, ರಾಜ್ಯದ ಹಂತ ಎರಡಕ್ಕೂ ಇದೆ. ಜನನ, ಮರಣ, ಮದುವೆ ಮುಂತಾದ ವೈಯಕ್ತಿಕ ಕಾಗದಗಳನ್ನು ರಾಜ್ಯದ ಗೃಹ ಅಥವಾ ಸಾಮಾನ್ಯ ಆಡಳಿತ ಇಲಾಖೆ ಕಡೆಯಿಂದ, ಅಂಕಪಟ್ಟಿ, ಪದವಿ ಪತ್ರಗಳನ್ನು ಶಿಕ್ಷಣ ಇಲಾಖೆಯಿಂದ ದೃಢೀಕರಿಸಬೇಕು. ಶಿಕ್ಷಣದ್ದಕ್ಕೆ ಏಜೆಂಟರ ಭಾಷೆಯಲ್ಲಿ "ಎಚ್ಆರ್‌ಡಿ" ಅಂತಾರೆ. ವ್ಯಾಪಾರದ ಕಾಗದಗಳಿಗೆ ವಾಣಿಜ್ಯ ಮಂಡಳಿ.

ಮುಖ್ಯ ವಿಷಯ: ನೀವು ಎಲ್ಲಿ ವಾಸ ಇದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ, ಕಾಗದ ಯಾವ ರಾಜ್ಯದ್ದು ಅನ್ನುವುದೇ ಲೆಕ್ಕ. ನಮ್ಮೂರಿನವರ ಒಂದು ದೊಡ್ಡ ಸಮಸ್ಯೆ ಇಲ್ಲಿದೆ. ಅಪ್ಪ ಮುಂಬೈ ಹೋಟೆಲಿನಲ್ಲಿದ್ದಾಗ ಅಲ್ಲಿ ಹುಟ್ಟಿ, ಆಮೇಲೆ ಊರಲ್ಲಿ ಬೆಳೆದವರು ಎಷ್ಟು ಜನ ಇಲ್ಲ? ನಿಮ್ಮ ಜನನ ಪತ್ರ ಮುಂಬೈ ಪಾಲಿಕೆಯದ್ದಾದರೆ ಅದಕ್ಕೆ ಮಹಾರಾಷ್ಟ್ರ ಸರ್ಕಾರದ ಮುದ್ರೆ ಬೇಕು. ಕೇರಳದಲ್ಲಿ ನರ್ಸಿಂಗ್ ಓದಿದವರಿಗೆ ಕೇರಳದ್ದು. ಆಧಾರ್‌ನಲ್ಲಿ ಉಡುಪಿ ವಿಳಾಸ ಇದೆ ಅಂತ ಬೆಂಗಳೂರಿನಲ್ಲಿ ಮುಗಿಯುವುದಿಲ್ಲ.

ಇನ್ನೊಂದು ಅಡ್ಡದಾರಿ ಇದೆ, ಏಜೆಂಟರು ಅದನ್ನು ಹೇಳೋದೂ ಇಲ್ಲ. ರಾಜ್ಯದ ಎಚ್ಆರ್‌ಡಿ ಬದಲು ದೆಹಲಿಯ ಎಸ್‌ಡಿಎಂ ಮುದ್ರೆ ಹಾಕಿಸಿ ಬೇಗ ಕಳಿಸುವುದು. ಕೆಲಸ ಬೇಗ ಆಗ್ತದೆ, ಆದರೆ ಪದವಿ ಪತ್ರದ ಮೇಲೆ ಎಸ್‌ಡಿಎಂ ಮುದ್ರೆ ಇದ್ದರೆ ಕೆಲವು ರಾಯಭಾರ ಕಚೇರಿಗಳು ಒಪ್ಪುವುದಿಲ್ಲ. "ಎಚ್ಆರ್‌ಡಿಯಾ, ಎಸ್‌ಡಿಎಂ ಆ?" ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಈ ಒಂದು ಪ್ರಶ್ನೆ ಕೇಳಿದರೆ ಎದುರಿನವನು ನೆಟ್ಟಗೆ ಕೂತ್ಕೊಳ್ತಾನೆ.

ರಾಜ್ಯದ ಮುದ್ರೆ ಆದ ಮೇಲೆ ವಿದೇಶಾಂಗ ಸಚಿವಾಲಯ. ಮೊದಲು ಇದಕ್ಕೆ ದೆಹಲಿಯೇ ಗತಿ. 2019ರ ಜನವರಿಯಿಂದ ಬೆಂಗಳೂರು ಸೇರಿ ಬೇರೆ ನಗರಗಳಲ್ಲೂ ಸಚಿವಾಲಯದ ಕಚೇರಿಗಳು ಈ ಕೆಲಸ ಮಾಡ್ತಿವೆ. ಆದರೆ ನೀವು ಕಾಗದ ಹಿಡ್ಕೊಂಡು ನೇರ ಕೌಂಟರಿಗೆ ಹೋಗಿ ಕೊಡಲಿಕ್ಕಾಗುವುದಿಲ್ಲ. ಜನರಿಂದ ನೇರ ತೆಗೆದುಕೊಳ್ಳುವುದನ್ನು ಸಚಿವಾಲಯ 2012ರಲ್ಲೇ ನಿಲ್ಲಿಸಿದೆ. ಅದು ಗೊತ್ತುಮಾಡಿದ ಸಂಗ್ರಹ ಏಜೆನ್ಸಿಗಳಿವೆ, ಹೆಸರು ವಿಳಾಸ ಸಚಿವಾಲಯದ ವೆಬ್‌ಸೈಟ್‌ನಲ್ಲೇ ಇದೆ. ಗಮನಿಸಿ, ಉಡುಪಿ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ "ಅಪೊಸ್ಟಿಲ್ ಮಾಡಿಕೊಡಲಾಗುವುದು" ಬೋರ್ಡ್ ಇರುವ ಅಂಗಡಿ ಬೇರೆ, ಈ ಪಟ್ಟಿಯಲ್ಲಿರುವ ಏಜೆನ್ಸಿ ಬೇರೆ. ಅಂಗಡಿಯವರು ನಿಮ್ಮ ಕಾಗದವನ್ನು ಏಜೆನ್ಸಿಗೆ ಕೊಡುವ ನಡುವಿನವರು ಅಷ್ಟೇ.

ಸರ್ಕಾರದ ಶುಲ್ಕ ಕೇಳಿದರೆ ನಗು ಬರ್ತದೆ. ಅಪೊಸ್ಟಿಲ್‌ಗೆ ಒಂದು ಕಾಗದಕ್ಕೆ 50 ರೂಪಾಯಿ. ಸಾದಾ ಅಟೆಸ್ಟೇಶನ್‌ಗೆ ಸಚಿವಾಲಯ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ ಸಂಗ್ರಹ ಏಜೆನ್ಸಿಯ ಸಣ್ಣ ಸೇವಾ ಶುಲ್ಕ, ಪುಟಕ್ಕಿಷ್ಟು ಅಂತ ಸ್ಕ್ಯಾನಿಂಗ್ ದುಡ್ಡು. ದುಬಾರಿ ಆಗುವುದು ರಾಯಭಾರ ಕಚೇರಿಯ ಶುಲ್ಕ, ಅದು ದೇಶದಿಂದ ದೇಶಕ್ಕೆ, ಕಾಗದದಿಂದ ಕಾಗದಕ್ಕೆ ಬೇರೆ. ಹಾಗಾಗಿ ಬಿಲ್ ಕೇಳುವಾಗ ಒಟ್ಟು ಮೊತ್ತ ಕೇಳಬೇಡಿ, ಬಿಡಿಸಿ ಬರೆಸಿ: ಸರ್ಕಾರಕ್ಕೆ ಎಷ್ಟು, ಎಂಬೆಸಿಗೆ ಎಷ್ಟು, ಕೊರಿಯರ್ ಎಷ್ಟು, ನಿಮಗೆ ಎಷ್ಟು.

ಏಜೆಂಟರೇ ಬೇಡ ಅಂತ ನಾನು ಹೇಳ್ತಿಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಸಹಿ ಹಾಕುವವರು ರಜೆ ಅಂತ ವಾಪಸ್ ಬಂದು, ಮತ್ತೆ ಹೋಗಿ, ಎರಡು ದಿನದ ಸಂಬಳ ಕಳ್ಕೊಂಡರೆ ಅದೂ ಖರ್ಚೇ. ಕೆಲಸ ಗೊತ್ತಿರುವ ಏಜೆಂಟ್‌ಗೆ ಎರಡು ಮೂರು ಸಾವಿರ ಕೊಡುವುದರಲ್ಲಿ ತಪ್ಪಿಲ್ಲ. ಏನು ಮಾಡಿಸ್ತಿದ್ದೇವೆ ಅಂತ ನಮಗೆ ಗೊತ್ತಿರಬೇಕು, ಅಷ್ಟೇ. ಅಸಲು ಕಾಗದ ಕೈಯಿಂದ ಬಿಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ಯಾವ ಕಾಗದ, ಯಾವ ನಂಬರ್, ಯಾವತ್ತು ಕೊಟ್ಟದ್ದು ಅಂತ ರಶೀದಿ ಬರೆಸ್ಕೊಳ್ಳಿ. ವಾಪಸ್ ಬಂದ ಅಪೊಸ್ಟಿಲ್ ಮೇಲಿನ ನಂಬರನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ಅಸಲಿ ಹೌದೋ ಅಂತ ಮನೆಯಲ್ಲೇ ನೋಡಬಹುದು.

ಇ-ಸನದ್ ಅಂತ ಸರ್ಕಾರದ್ದೇ ಆನ್‌ಲೈನ್ ವ್ಯವಸ್ಥೆಯೂ 2017ರಿಂದ ಇದೆ. ಕಾಗದ ಕೊಟ್ಟ ಸಂಸ್ಥೆ ತನ್ನ ದಾಖಲೆಯನ್ನು ಡಿಜಿಟಲ್ ಆಗಿ ಇಟ್ಟಿದ್ದರೆ ಅಲ್ಲೇ ಪರಿಶೀಲನೆ ಆಗ್ತದೆ. ನಿಮ್ಮ ಕಾಗದಕ್ಕೆ ಅದು ಆಗ್ತದೋ ಅಂತ ಮೊದಲು ಅಲ್ಲಿ ನೋಡಿ, ಆದರೆ ಬಸ್ ಚಾರ್ಜ್ ಉಳೀತು.

ಮುದ್ರೆ ಬಿದ್ದರೂ ಹೆಸರು ತಪ್ಪಿದ್ದರೆ ತಪ್ಪೇ

ನಮ್ಮ ಅಕ್ಕನ ಕಥೆಗೆ ವಾಪಸ್ ಬರ್ತೇನೆ. ಅಪೊಸ್ಟಿಲ್ ಹಾಳಾಯಿತು, ಸರಿ, ಈ ಸಲ ಕತಾರ್ ದಾರಿಯಲ್ಲೇ ಮಾಡಿಸೋಣ ಅಂತ ಕಾಗದ ತೆಗೆದು ನೋಡಿದರೆ ಇನ್ನೊಂದು ಕಂಡಿತು. ಮಗುವಿನ ಜನನ ಪತ್ರದಲ್ಲಿ ಅಮ್ಮನ ಹೆಸರಿನ ಮುಂದೆ "ಪೂಜಾರ್ತಿ" ಅಂತ ಇದೆ. ಅಕ್ಕನ ಪಾಸ್‌ಪೋರ್ಟ್‌ನಲ್ಲಿ "ಪೂಜಾರಿ". ನಮ್ಮ ಕಡೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಗಂಡಸು ಪೂಜಾರಿಯಾದರೆ ಹೆಂಗಸು ಪೂಜಾರ್ತಿ, ಗಂಡಸು ಶೆಟ್ಟಿಯಾದರೆ ಹೆಂಗಸು ಶೆಡ್ತಿ. ಅಜ್ಜಿಯಂದಿರ ರೇಷನ್ ಕಾರ್ಡು, ಆರ್‌ಟಿಸಿ ತೆಗೆದು ನೋಡಿ, ಎಲ್ಲಾ ಹಾಗೇ ಇರ್ತದೆ. ದೋಹಾದ ಕೌಂಟರಿನವರಿಗೆ ಅದು ಎರಡು ಬೇರೆ ಬೇರೆ ಹೆಂಗಸರು.

ಇಲ್ಲೇ ಬಹಳ ಜನ ತಪ್ಪು ತಿಳ್ಕೊಂಡಿರುವುದು. ಅಪೊಸ್ಟಿಲ್ ಆಗಲಿ ಅಟೆಸ್ಟೇಶನ್ ಆಗಲಿ ಕಾಗದದ ಒಳಗೆ ಬರೆದದ್ದು ಸರಿ ಅಂತ ಹೇಳುವುದಿಲ್ಲ. ಸಹಿ ಅಸಲಿ, ಸಹಿ ಹಾಕಿದವರಿಗೆ ಆ ಅಧಿಕಾರ ಇತ್ತು, ಮೊಹರು ಅಸಲಿ, ಇಷ್ಟನ್ನು ಮಾತ್ರ ಹೇಳ್ತದೆ. ತಪ್ಪು ಹೆಸರಿನ ಕಾಗದಕ್ಕೆ ನಾಲ್ಕು ಮುದ್ರೆ ಬಿದ್ದರೆ ಅದು ನಾಲ್ಕು ಮುದ್ರೆ ಇರುವ ತಪ್ಪು ಕಾಗದ.

ಕರ್ನಾಟಕದವರಿಗೆ ಇನಿಷಿಯಲ್ ಕಾಟ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಊರ ಹೆಸರು, ಅಪ್ಪನ ಹೆಸರು. ಡಿಗ್ರಿ ಪತ್ರದಲ್ಲಿ ಮೂರನೇ ರೀತಿ. "ಇಬ್ಬರೂ ಒಬ್ಬರೇ" ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಊರಿನ ಬ್ಯಾಂಕಿಗೆ ಸಾಕು. ಹೊರದೇಶದ ಕಚೇರಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ನನ್ನ ಕೇಳಿದರೆ ಮೂಲ ಕಾಗದವನ್ನೇ ತಿದ್ದಿಸುವುದು ಒಳ್ಳೇದು. ಜನನ ಪತ್ರದ ತಿದ್ದುಪಡಿ ಹುಟ್ಟಿದ ಜಾಗದ ಜನನ-ಮರಣ ನೋಂದಣಾಧಿಕಾರಿ ಹತ್ತಿರವೇ ಆಗಬೇಕು; 1969ರ ನೋಂದಣಿ ಕಾಯ್ದೆಯಲ್ಲಿ ಅವರಿಗೆ ಆ ಅಧಿಕಾರ ಇದೆ, ತಕ್ಕ ದಾಖಲೆ ತೋರಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದ್ದಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ. ಇದಕ್ಕೆಲ್ಲ ತಿಂಗಳು ಹಿಡಿಯಬಹುದು. ವೀಸಾ ಬಂದ ಮೇಲೆ ಓಡಾಡಿದರೆ ಆಗುವ ಕೆಲಸ ಅಲ್ಲ.

ಹಾಗೇ ಕಾಗದ ಯಾವುದು ಅಂತಲೂ ನೋಡ್ಕೊಳ್ಳಿ. ಆಸ್ಪತ್ರೆಯವರು ಡಿಸ್ಚಾರ್ಜ್ ದಿನ ಕೊಡುವ ಚೀಟಿ ಜನನ ಪ್ರಮಾಣಪತ್ರ ಅಲ್ಲ. ದೇವಸ್ಥಾನದ, ಹಾಲ್‌ನ ಮದುವೆ ರಶೀದಿ ನಡೆಯೋದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. ಮದುವೆಯಾಗಿ ಹತ್ತು ವರ್ಷ ಆದರೂ ನೋಂದಣಿ ಮಾಡಿಸದವರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಹಳೆಯ ಕೈಬರಹದ ಕನ್ನಡ ಜನನ ಪತ್ರ ಇದ್ದರೆ ಈಗಿನ ಕನ್ನಡ-ಇಂಗ್ಲಿಷ್ ಎರಡೂ ಇರುವ ಕಂಪ್ಯೂಟರ್ ಪ್ರತಿ ತೆಗೆಸಿ. ಅದರಿಂದ ಅನುವಾದದ ಖರ್ಚೂ ಉಳೀತದೆ, ಯಾವತ್ತೋ ನಿವೃತ್ತರಾದವರ ಸಹಿ ಪತ್ತೆ ಹಚ್ಚುವ ಗೋಳೂ ಇಲ್ಲ. ಪೊಲೀಸ್ ಕ್ಲಿಯರೆನ್ಸ್ ಹೆಚ್ಚಾಗಿ ಕೇಳುವುದು ಪಾಸ್‌ಪೋರ್ಟ್ ಸೇವಾ ಮೂಲಕ ಪಾಸ್‌ಪೋರ್ಟ್ ಕಚೇರಿ ಕೊಡುವುದನ್ನು. ಅರ್ಜಿ ಶುಲ್ಕ 500 ರೂಪಾಯಿ. ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿಸಿ, ಯಾಕಂದ್ರೆ ಹೊರದೇಶದವರು ಇತ್ತೀಚಿನದ್ದೇ ಕೇಳ್ತಾರೆ.

ಮತ್ತೆ ಲ್ಯಾಮಿನೇಶನ್. ಮಗಳ ಡಿಗ್ರಿ ಸರ್ಟಿಫಿಕೇಟ್ ಹಾಳಾಗಬಾರದು ಅಂತ ಅಪ್ಪಂದಿರು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿಡ್ತಾರೆ. ಮುದ್ರೆ, ಸ್ಟಿಕ್ಕರ್ ಬೀಳುವುದು ಅಸಲು ಕಾಗದದ ಮೇಲೆ. ಪ್ಲಾಸ್ಟಿಕ್ ಮೇಲೆ ಒತ್ತಲಿಕ್ಕಾಗುವುದಿಲ್ಲ, ಕಿತ್ತರೆ ಕಾಗದವೇ ಹರಿದು ಬರ್ತದೆ, ಆಮೇಲೆ ವಿಶ್ವವಿದ್ಯಾಲಯಕ್ಕೆ ಡೂಪ್ಲಿಕೇಟ್‌ಗೆ ಅರ್ಜಿ ಹಾಕಿ ಕಾಯಬೇಕು. ದಯವಿಟ್ಟು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಡಿ, ಸಾಕು.

ಅಕ್ಕ ಜನನ ಪತ್ರ ತಿದ್ದಿಸಿ ಹೊಸ ಪ್ರತಿ ತೆಗೆಸಿದ್ದಾಳೆ. ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆ ಪತ್ರ ಮೂರೂ ತೋರಿಸಿದ ಮೇಲೆ ಆಯಿತು. ಮದುವೆ ಪತ್ರಕ್ಕೂ ಅಪೊಸ್ಟಿಲ್ ಅಂಟಿದ್ದನ್ನು ಬಿಟ್ಟು ಹೊಸ ದೃಢೀಕೃತ ಪ್ರತಿ ತೆಗೆಸಿ ಮೊದಲಿಂದ ಶುರು ಮಾಡಿದೆವು. ಈ ಸಲ ಬೆಂಗಳೂರಿಗೆ ನಾನೇ ಹೋಗಿದ್ದೆ. ಈಗ ಮದುವೆ ಪತ್ರ ಸಚಿವಾಲಯದ ಹಂತ ದಾಟಿ ಕತಾರ್ ರಾಯಭಾರ ಕಚೇರಿಯಲ್ಲಿದೆ, ಮಗುವಿನದ್ದು ಇನ್ನೂ ರಾಜ್ಯದ ಮುದ್ರೆಗೆ ಕಾಯ್ತಾ ಇದೆ. ಮಗುವಿಗೆ ಅಪ್ಪ ಅಂದರೆ ಇನ್ನೂ ಅಮ್ಮನ ಮೊಬೈಲೇ.